ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕುರುಕಲು ತಿಂಡಿ ಕೊಳ್ಳುವುದು ಹೇಗೆ? ರೇಟು, ಎಣ್ಣೆ, ರುಚಿಯ ಲೆಕ್ಕ

ಬೆಂಗಳೂರಿಗೆ ಹೊಸದಾಗಿ ಬಂದವರನ್ನು ಒಂದು ಬೋರ್ಡು ಗಲಿಬಿಲಿ ಮಾಡುತ್ತದೆ. ‘ಕಾಂಡಿಮೆಂಟ್ಸ್’ ಎಂದು ಬರೆದಿರುತ್ತದೆ. ಸಾಸು ಗೀಸು ಇರಬಹುದು ಅಂದುಕೊಂಡು ಒಳಗೆ ಹೋದರೆ ಕಾಣುವುದು ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಖಾರಾ ಬೂಂದಿ. ಗೋಡೆಯ ಕಡೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಗಲ್ಲಾ ಪಕ್ಕದಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಇಡೀ ಅಂಗಡಿಯೇ ನಮ್ಮ ಅಜ್ಜಿಯ ಅಡುಗೆಮನೆಯ ಅಟ್ಟದ ಹಾಗಿರುತ್ತದೆ.

ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿ 1948ರಿಂದ ಇದೆ. ಬಸವನಗುಡಿ, ಮಲ್ಲೇಶ್ವರ, ಜಯನಗರ, ವಿ.ವಿ. ಪುರಂ ಕಡೆ ಇಂಥ ಅಂಗಡಿಗಳು ಬೀದಿಗೆ ಎರಡು ಮೂರು ಸಿಗುತ್ತವೆ. ಈಗಂತೂ ಹೊಸ ಬಡಾವಣೆಗಳಲ್ಲೂ ಬಂದಿವೆ. ಅಂಗಡಿ ಜಾಸ್ತಿಯಾದ ಹಾಗೆ ರೇಟಿನ ಗೊಂದಲವೂ ಜಾಸ್ತಿಯಾಗಿದೆ. ಒಂದು ಕಡೆ ಕೋಡುಬಳೆ ಪ್ಯಾಕೆಟ್ 70 ರೂಪಾಯಿ, ಇನ್ನೊಂದು ಕಡೆ 85. ಯಾವುದು ಅಗ್ಗ? 70ರದ್ದು ಅಂತ ನೀವು ಹೇಳಿದರೆ ಈ ಲೇಖನ ನಿಮಗಾಗಿಯೇ ಬರೆದದ್ದು.

ಮೊದಲು, ಹೊತ್ತು ನೋಡಿ ಹೋಗಿ

ತಿಂಡಿ ಕೊಳ್ಳುವುದಕ್ಕೂ ಹೊತ್ತು ಗೊತ್ತು ಇದೆಯಾ ಅಂತ ನಗಬೇಡಿ. ಇದೆ. ಹಿಂದುಗಡೆ ಅಡುಗೆಮನೆ ಇಟ್ಟುಕೊಂಡು ಅಲ್ಲೇ ಕರಿಯುವ ಅಂಗಡಿಗಳಲ್ಲಿ ಬೆಳಿಗ್ಗೆಯಿಂದ ಬಾಣಲೆ ಒಲೆ ಮೇಲಿರುತ್ತದೆ. ಮಧ್ಯಾಹ್ನದ ಮೇಲೆ ಹೋದರೆ ಅವತ್ತಿನ ಮಾಲು ಆರಿ, ಡಬ್ಬಕ್ಕೆ ಬಂದಿರುತ್ತದೆ. ನಾನು ನಾಲ್ಕು ಗಂಟೆ ಹೊತ್ತಿಗೆ ಹೋಗುತ್ತೇನೆ. ಏಳು ಗಂಟೆಯ ಮೇಲೆ ಹೋದರೆ ಜನ ಜಾಸ್ತಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ವ್ಯವಧಾನ ಅಂಗಡಿಯವರಿಗೆ ಇರುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು?’ ಅಲ್ಲ. ‘ಇವತ್ತು ಯಾವುದು ಕರಿದಿದ್ದೀರ?’ ಅಂತ ಕೇಳಿ. ಒಳ್ಳೆ ಅಂಗಡಿಯಾದರೆ ‘ನಿಪ್ಪಟ್ಟು ಇವತ್ತಿಂದು, ಚಕ್ಕುಲಿ ನಿನ್ನೆದು’ ಅಂತ ಬಿಡಿಸಿ ಹೇಳುತ್ತಾರೆ. ‘ಎಲ್ಲಾ ಫ್ರೆಶ್ಶೇ ಸಾರ್’ ಅಂದರೆ ಅಲ್ಲಿ ನೂರು ಗ್ರಾಂ ಮಾತ್ರ ತಗೊಂಡು ನೋಡಿ.

ಎಲ್ಲ ಅಂಗಡಿಯವರೂ ತಾವೇ ಕರಿಯುವುದಿಲ್ಲ. ಎಷ್ಟೋ ಕಡೆ ಬೇರೆ ಯಾರೋ ಮಾಡಿದ್ದನ್ನು ಮೂಟೆಯಲ್ಲಿ ತರಿಸಿ, ತಮ್ಮ ಹೆಸರಿನ ಕವರಿಗೆ ತುಂಬುತ್ತಾರೆ. ಅದೇನೂ ತಪ್ಪಲ್ಲ. ಆದರೆ ಅಂಥ ಕಡೆ ‘ಇವತ್ತಿಂದು’ ಎಂಬ ಮಾತಿಗೆ ಅರ್ಥ ಇಲ್ಲ. ಪ್ಯಾಕ್ ಆದ ದಿನ ಬೇರೆ, ಕರಿದ ದಿನ ಬೇರೆ ಇರಬಹುದು. ಅಂಗಡಿ ಹೊಕ್ಕಾಗ ಬಿಸಿ ಎಣ್ಣೆಯ ವಾಸನೆ ಬರುತ್ತದೋ ಇಲ್ಲವೋ ಎಂಬುದೇ ಸುಲಭದ ಗುರುತು.

ಎರಡನೆಯದು, ಎಲ್ಲವನ್ನೂ ಕೆಜಿ ಲೆಕ್ಕಕ್ಕೆ ತನ್ನಿ

ಮೇಲೆ ಹೇಳಿದ ಎರಡು ಪ್ಯಾಕೆಟ್ ನೋಡೋಣ. 70 ರೂಪಾಯಿಯ ಪ್ಯಾಕೆಟ್ ತಿರುಗಿಸಿ ನೋಡಿದರೆ 150 ಗ್ರಾಂ. 85 ರೂಪಾಯಿಯದು 200 ಗ್ರಾಂ. ಈಗ ಲೆಕ್ಕ ಹಾಕಿ. ಮೊದಲನೆಯದು ಕೆಜಿಗೆ ಸುಮಾರು 467 ರೂಪಾಯಿ ಬಿತ್ತು. ಎರಡನೆಯದು 425. ದುಬಾರಿ ಕಂಡದ್ದೇ ಅಗ್ಗ.

ಇನ್ನೊಂದು ಚಾಲಾಕಿ ಇದೆ, 180 ಗ್ರಾಂ ಪ್ಯಾಕೆಟ್. ನೋಡಲು 200 ಗ್ರಾಮಿನ ಹಾಗೇ ಇರುತ್ತದೆ. ಬೆಲೆ 80 ರೂಪಾಯಿ ಅಂದರೆ ಕೆಜಿಗೆ 444. ಕವರಿನೊಳಗೆ ಗಾಳಿ ತುಂಬಿರುವುದರಿಂದ ಕೈಗೆ ಗೊತ್ತೇ ಆಗುವುದಿಲ್ಲ. ಚಕ್ಕುಲಿ, ಕೋಡುಬಳೆ ಪುಡಿಯಾಗದಿರಲು ಸ್ವಲ್ಪ ಗಾಳಿ ಬೇಕು, ನಿಜ. ಆದರೆ ನಾವು ದುಡ್ಡು ಕೊಡುವುದು ಗಾಳಿಗಲ್ಲವಲ್ಲ.

ಬಾಯಿಲೆಕ್ಕಕ್ಕೆ ಸುಲಭದ ದಾರಿ ಹೀಗೆ: ಕಾಲು ಕೆಜಿ ಆದರೆ ನಾಲ್ಕರಿಂದ ಗುಣಿಸಿ. 200 ಗ್ರಾಂ ಆದರೆ ಐದರಿಂದ. 100 ಗ್ರಾಂ ಆದರೆ ಒಂದು ಸೊನ್ನೆ ಸೇರಿಸಿ. 150 ಗ್ರಾಂ ಸ್ವಲ್ಪ ಕಿರಿಕಿರಿ. ಬೆಲೆಯನ್ನು ಮೂರರಿಂದ ಭಾಗಿಸಿ, ಇಪ್ಪತ್ತರಿಂದ ಗುಣಿಸಿ. ಫೋನು ಕೈಯಲ್ಲೇ ಇದ್ದರೂ ನಮ್ಮ ಮನೆಯಲ್ಲಿ ಇದನ್ನು ಮಕ್ಕಳ ಹತ್ತಿರ ಬಾಯಿಲೇ ಮಾಡಿಸುತ್ತೇವೆ. ಮಗ್ಗಿಗೂ ಒಂದು ಉಪಯೋಗ ಆಗಲಿ ಅಂತ.

ಕಂಪನಿ ಪ್ಯಾಕೆಟ್‌ಗಳಲ್ಲಿ ಈ ಲೆಕ್ಕವನ್ನು ಅವರೇ ಮಾಡಿ ಕೊಟ್ಟಿರುತ್ತಾರೆ. ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಗ್ರಾಂಗೆ 0.44 ರೂ.’ ಎಂಬಂತೆ ಇರುತ್ತದೆ. ಒಂದು ಕೆಜಿಗಿಂತ ಕಡಿಮೆ ತೂಕದ ಪ್ಯಾಕೆಟ್‌ನಲ್ಲಿ ಗ್ರಾಮಿನ ಬೆಲೆ ಹಾಕಬೇಕು ಅಂತ ನಿಯಮ. ಸಾವಿರದಿಂದ ಗುಣಿಸಿದರೆ ಕೆಜಿ ಬೆಲೆ 440 ಅಂತ ಗೊತ್ತಾಯಿತು.

ಬಿಡಿಯಾಗಿ ತೂಗಿಸುವಾಗ ತಕ್ಕಡಿ ಮೇಲೆ ಡಬ್ಬ ಅಥವಾ ಟ್ರೇ ಇಟ್ಟ ಮೇಲೆ ಸೊನ್ನೆ ಮಾಡಿದರೋ ನೋಡಿ. ಸುಮ್ನೆ ಒಂದು ಕಣ್ಣು ಅತ್ತ ಇದ್ದರೆ ಸಾಕು, ಜಗಳ ಬೇಡ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಿಕ್ಸ್ಚರ್, ಭುಜಿಯಾದಂಥ ಖಾರ ತಿಂಡಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಸೇರಿ 112 ರೂಪಾಯಿ ಇದ್ದ ಪ್ಯಾಕೆಟ್ ಆ ಲೆಕ್ಕದಲ್ಲಿ 105 ಆಗಬೇಕು. ಬೆಲೆ ಇಳಿಸದೆ ಒಳಗಿನ ತೂಕ ಏರಿಸಿದವರೂ ಇದ್ದಾರೆ. ಆದ್ದರಿಂದ ಮತ್ತೆ ಅದೇ ಮಾತು: ಬೆಲೆ ನೋಡಬೇಡಿ, ಕೆಜಿ ಬೆಲೆ ನೋಡಿ.

ಹಾಗಾದರೆ ಕೆಜಿಗೆ ಎಷ್ಟಿದ್ದರೆ ಸರಿ? ದಕ್ಷಿಣ ಬೆಂಗಳೂರಿನಲ್ಲಿ ನಾನು ಹೋಗುವ ಅಂಗಡಿಗಳ ಅಂದಾಜು ಹೇಳುತ್ತೇನೆ. ಸಾದಾ ಮಿಕ್ಸ್ಚರ್, ಖಾರಾ ಸೇವೆ, ಖಾರಾ ಬೂಂದಿ 300ರಿಂದ 400 ರೂಪಾಯಿ. ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ 400ರಿಂದ 500. ಬೆಣ್ಣೆ ಮುರುಕು ಅದಕ್ಕಿಂತ ಐವತ್ತು ಜಾಸ್ತಿ. ಕಾಂಗ್ರೆಸ್ ಕಡ್ಲೆಕಾಯಿ 350ರಿಂದ 450. ಅವರೆಬೇಳೆ ಮಿಕ್ಸ್ಚರ್ 450ರ ಮೇಲೆ. ಹೋಳಿಗೆ ಒಂದಕ್ಕೆ 20ರಿಂದ 35. ನಿಮ್ಮ ಊರಲ್ಲಿ ಇದಕ್ಕಿಂತ ಕಡಿಮೆ ಇರಬಹುದು, ಮಾಲ್ ಒಳಗಿನ ಅಂಗಡಿಯಲ್ಲಿ ಖಂಡಿತ ಜಾಸ್ತಿ ಇರುತ್ತದೆ. ಈ ಅಂಕಿ ಬಾಯಿಪಾಠ ಮಾಡಬೇಡಿ. ಒಂದಕ್ಕೊಂದು ಎಷ್ಟು ಅಂತರ ಇದೆ ಅನ್ನುವುದನ್ನು ನೆನಪಿಡಿ. ಸಾದಾ ಮಿಕ್ಸ್ಚರಿಗೆ ಕೋಡುಬಳೆಯ ರೇಟು ಹೇಳಿದರೆ ಏನೋ ವಿಶೇಷ ಇರಬೇಕು. ಇಲ್ಲದಿದ್ದರೆ ಯಾಕೆ ಅಂತ ಕೇಳಬೇಕು.

ಮೂರನೆಯದು, ಎಣ್ಣೆ

ಕರಿದ ತಿಂಡಿಯ ರೇಟು ಅಂದರೆ ಬಹುಪಾಲು ಎಣ್ಣೆಯ ರೇಟು. ಅಕ್ಕಿಹಿಟ್ಟು, ಹುರಿಗಡಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತದೆ. ವ್ಯತ್ಯಾಸ ಬರುವುದು ಬಾಣಲೆಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದಾಗ ತಿಂಡಿಯ ರೇಟೂ ಏರಿತು. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಗಳ ಸುಂಕ ಇಳಿಸಿದರು. ತಿಂಡಿಯ ರೇಟು ಇಳಿದದ್ದು ನಾನಂತೂ ಕಾಣಲಿಲ್ಲ. ಹತ್ತಿದ ರೇಟು ಇಳಿಯುವುದಿಲ್ಲ, ಅದು ನಮಗೆ ಗೊತ್ತಿರುವ ವಿಷಯವೇ.

ಅಂಗಡಿಯಲ್ಲಿ ನೇರವಾಗಿ ಕೇಳಿ: ‘ಯಾವ ಎಣ್ಣೆ?’ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಪಾಮೋಲಿನ್ ಅನ್ನುವ ತಾಳೆ ಎಣ್ಣೆ, ಈ ಮೂರರಲ್ಲಿ ಒಂದು ಬರುತ್ತದೆ. ಪ್ಯಾಕೆಟ್ ಆದರೆ ಹಿಂದೆ ಬರೆದಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಅಂತ ಕ್ರಮ. ‘ಬೆಣ್ಣೆ ಮುರುಕು’ ಎಂದು ದೊಡ್ಡದಾಗಿ ಬರೆದ ಪ್ಯಾಕೆಟ್‌ನಲ್ಲಿ ಬೆಣ್ಣೆ ಉಪ್ಪಿನ ಪಕ್ಕದಲ್ಲಿ ಕೂತಿದ್ದರೆ ಅದು ಹೆಸರಿಗೆ ಮಾತ್ರ ಬೆಣ್ಣೆ.

ಪಾಮೋಲಿನ್ ವಿಷವೇನಲ್ಲ. ಆದರೆ ಅದರಲ್ಲಿ ಕರಿದ ತಿಂಡಿಯನ್ನು ಕಡಲೆಕಾಯಿ ಎಣ್ಣೆಯ ರೇಟಿಗೆ ಕೊಳ್ಳಬಾರದು. ಗುರುತು ಹಿಡಿಯುವುದು ಚಳಿಗಾಲದಲ್ಲಿ ಸುಲಭ. ಡಿಸೆಂಬರ್ ಬೆಳಿಗ್ಗೆ ಕವರಿನ ಒಳಮೈಯಲ್ಲಿ ಬೆಳ್ಳಗೆ ಮೇಣದ ಹಾಗೆ ಕಟ್ಟಿರುತ್ತದೆ. ತಿಂದ ಮೇಲೆ ಅಂಗುಳಿಗೆ ಏನೋ ಅಂಟಿದ ಹಾಗಾಗಿ, ಬಿಸಿ ಕಾಫಿ ಕುಡಿದರೇ ಹೋಗುವುದು.

ಮತ್ತೆ ಮತ್ತೆ ಕಾಸಿದ ಎಣ್ಣೆ ಇನ್ನೊಂದು ತಾಪತ್ರಯ. ಕಾಸಿದಷ್ಟೂ ಎಣ್ಣೆ ಒಡೆದು ಹಾಳಾಗುತ್ತದೆ. ಹಾಗೆ ಹಾಳಾದ ಅಂಶ ಶೇ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ, 2018ರ ಜುಲೈ 1ರಿಂದ. ಅದನ್ನು ಅಳೆಯುವ ಯಂತ್ರ ನಮ್ಮ ಕೈಯಲ್ಲಿಲ್ಲ, ಮೂಗು ಇದೆ. ಡಬ್ಬದ ಮುಚ್ಚಳ ತೆಗೆದಾಗ ಜೀರಿಗೆ, ಇಂಗು, ಕರಿಬೇವಿನ ವಾಸನೆ ಮುಂದೆ ಬರಬೇಕು. ಎಣ್ಣೆ ವಾಸನೆ ಮುಂದೆ ಬಂದರೆ ಯೋಚಿಸಿ. ಕಮಟು ವಾಸನೆ ಬಂದರೆ ಯೋಚಿಸುವುದೂ ಬೇಡ.

ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯೋ ನೋಡಿ. ಮನೆಯಲ್ಲಿ ಮಾಡಿ ಮಾರುವ ಸಣ್ಣವರಿಗೂ ನೋಂದಣಿ ನಂಬರ್ ಸಿಗುತ್ತದೆ, ಹಾಗಾಗಿ ‘ನಾವು ಸಣ್ಣವರು’ ಎಂಬ ಸಬೂಬು ನಡೆಯುವುದಿಲ್ಲ. ಮತ್ತೆ, ಪೇಪರಿನಲ್ಲಿ ಬಿಸಿ ವಡೆ ಕಟ್ಟಿ ಕೊಟ್ಟರೆ ಬೇಡ ಅನ್ನಿ. ಸುದ್ದಿಯ ಶಾಯಿ ವಡೆಗೆ ಹತ್ತುತ್ತದೆ.

ನಾಲ್ಕನೆಯದು, ಒಂದೊಂದನ್ನೂ ಮುರಿದು ನೋಡಿ

ನಿಜವಾದ ಸಂತೋಷ ಇಲ್ಲಿದೆ. ಕಾಂಡಿಮೆಂಟ್ಸ್ ಅಂಗಡಿಯವರು ರುಚಿ ನೋಡಲು ಒಂದು ಚೂರು ಕೊಡುತ್ತಾರೆ. ಸಂಕೋಚ ಬೇಡ, ತಗೊಳ್ಳಿ. ಸುಮ್ನೆ ಬಾಯಿಗೆ ಹಾಕಿಕೊಳ್ಳುವ ಮೊದಲು ಮುರಿಯಿರಿ.

ಕೋಡುಬಳೆ. ನನ್ನ ಪ್ರಕಾರ ಅಂಗಡಿಯ ಯೋಗ್ಯತೆ ತಿಳಿಯುವುದು ಕೋಡುಬಳೆಯಲ್ಲಿ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಕೊಬ್ಬರಿ, ಮೆಣಸಿನಕಾಯಿ, ಮೇಲೆ ಕಾದ ಎಣ್ಣೆ. ಹೇಳುವುದಕ್ಕೆ ಇಷ್ಟೇ. ಆದರೆ ಬಳೆ ದಪ್ಪ ಇರುವುದರಿಂದ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕರಿಯಬೇಕು. ಅವಸರ ಮಾಡಿದರೆ ಹೊರಗೆ ಕೆಂಪಗೆ, ಒಳಗೆ ಹಸಿ ಹಿಟ್ಟು. ಮುರಿದರೆ ‘ಪಟ್’ ಅಂತ ಸದ್ದು ಬರಬೇಕು. ಮುರಿದ ಜಾಗದಲ್ಲಿ ಅಂಚಿನಿಂದ ನಡುವಿನ ತನಕ ಒಂದೇ ಬಣ್ಣ ಇರಬೇಕು. ನಡುವೆ ಬಿಳಿ ಚುಕ್ಕೆ ಕಂಡರೆ ವಾಪಸ್ ಕೊಡಿ.

ಬಣ್ಣವನ್ನೂ ನೋಡಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಇಟ್ಟಿಗೆಯಂಥ ಕೆಂಪು ಬರುತ್ತದೆ, ಖಾರ ಅಷ್ಟಿರುವುದಿಲ್ಲ. ಕಣ್ಣಿಗೆ ಹೊಡೆಯುವ ಕೆಂಪು ಇದ್ದು, ಬೆರಳಿಗೆ ಬಣ್ಣ ಹತ್ತಿದರೆ ಅದು ಮೆಣಸಿನಕಾಯಿಯ ಕೆಲಸ ಅಲ್ಲ. ಕೋಡುಬಳೆಯಲ್ಲಿ ಕೊಬ್ಬರಿ ಇರುವುದರಿಂದ ಬೇರೆಲ್ಲಕ್ಕಿಂತ ಬೇಗ ಕಮಟುತ್ತದೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಮಲೆನಾಡು, ಉಡುಪಿ ಕಡೆಯವರು ಕೋಡುಬಳೆ ಅಂದರೆ ಬೇರೆಯದನ್ನೇ ನೆನೆಯುತ್ತಾರೆ. ಅದು ಮಜ್ಜಿಗೆ ಹಾಕಿ ಮಾಡಿದ್ದು, ಒಳಗೆ ಮೆತ್ತಗೆ. ಬಿಸಿ ಇದ್ದಾಗಲೇ ಕಾಯಿ ಚಟ್ನಿ ಜೊತೆ ತಿನ್ನಬೇಕು. ಕಾಂಡಿಮೆಂಟ್ಸ್ ಅಂಗಡಿಯ ಡಬ್ಬದಲ್ಲಿ ಅದನ್ನು ಹುಡುಕಬೇಡಿ.

ನಿಪ್ಪಟ್ಟು. ತೆಳ್ಳಗಿರಬೇಕು, ಅಂಚು ಇನ್ನೂ ತೆಳ್ಳಗಿರಬೇಕು. ಕಡಲೆಬೀಜದ ಚೂರು ಮೇಲೆ ಕಾಣಬೇಕು. ಬೆಳಕಿಗೆ ಹಿಡಿದಾಗ ಎಣ್ಣೆ ಮಿಂಚಿದರೆ ಕರಿಯುವಾಗ ಎಣ್ಣೆ ಕಾದಿರಲಿಲ್ಲ ಎಂದರ್ಥ. ದಪ್ಪ ನಿಪ್ಪಟ್ಟು ತೂಕಕ್ಕೆ ಲಾಭ, ಹಲ್ಲಿಗೆ ನಷ್ಟ. ಸಂಜೆ ಮನೆಯಲ್ಲಿ ನಿಪ್ಪಟ್ಟು ಮಸಾಲೆ ಮಾಡುವ ಯೋಚನೆ ಇದ್ದರೆ ಮಾತ್ರ ಸ್ವಲ್ಪ ದಪ್ಪದ್ದು ತಗೊಳ್ಳಿ. ಈರುಳ್ಳಿ, ಕ್ಯಾರೆಟ್, ನಿಂಬೆರಸ ಬಿದ್ದರೂ ಬೇಗ ಮೆತ್ತಗಾಗುವುದಿಲ್ಲ.

ಚಕ್ಕುಲಿ. ಹುರಿದ ಉದ್ದಿನ ಹಿಟ್ಟು ಸರಿಯಾಗಿ ಬಿದ್ದಿದ್ದರೆ ಮುರಿದ ಕಡೆ ಸಣ್ಣ ಸಣ್ಣ ತೂತು ಕಾಣುತ್ತದೆ. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಉದ್ದು ಉಳಿಸಿದ್ದಾರೆ. ಗೋಕುಲಾಷ್ಟಮಿ ಹತ್ತಿರ ಬಂದಾಗ ಎಲ್ಲ ಅಂಗಡಿಗಳಲ್ಲೂ ಚಕ್ಕುಲಿಯ ಗುಡ್ಡೆ. ಹಬ್ಬದ ಹಿಂದಿನ ದಿನ ಗುಡ್ಡೆಯಿಂದ ಕೊಳ್ಳುವ ಬದಲು ಒಂದು ವಾರ ಮೊದಲೇ ಹೇಳಿಟ್ಟು, ಕೊಡುವ ದಿನ ಗೊತ್ತು ಮಾಡಿಕೊಳ್ಳಿ. ಮಡಿಯಲ್ಲಿ ಮಾಡಿದ್ದೇ ಬೇಕು ಅನ್ನುವ ಅತ್ತೆಯವರು ಮನೆಯಲ್ಲಿದ್ದರೆ ಈ ಮಾತು ನಿಮಗಲ್ಲ. ಒರಳು ತೆಗೆಯಿರಿ.

ಕಾಂಗ್ರೆಸ್ ಕಡ್ಲೆಕಾಯಿ. ಸಿಪ್ಪೆ ತೆಗೆದು, ಎರಡು ಹೋಳಾದ ಕಡಲೆಬೀಜ. ಮೇಲೆ ಅರಿಸಿನ, ಮೆಣಸು, ಇಂಗು, ಕರಿಬೇವು. ಹೆಸರಿನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದೇ ವರ್ಷ ಪಕ್ಷ ಎರಡು ಹೋಳಾಯಿತು. ಕಡಲೆಬೀಜವೂ ಎರಡು ಹೋಳಾಗಿರುವುದರಿಂದ ಈ ಹೆಸರು ಬಂತಂತೆ. ಕಥೆ ನಿಜವೋ ಸುಳ್ಳೋ, ಬೆಂಗಳೂರಿನವರ ಕುಚೇಷ್ಟೆಗೆ ಒಪ್ಪುವಂಥದ್ದು. ವಿ.ವಿ. ಪುರದ ವಿ.ಬಿ. ಬೇಕರಿಯ ಕಾಂಗ್ರೆಸ್ ಹೆಸರುವಾಸಿ. ಬೆಣ್ಣೆ ಸವರಿದ ಬನ್ನಿನ ನಡುವೆ ಒಂದು ಹಿಡಿ ಕಾಂಗ್ರೆಸ್ ತುಂಬಿ ಕೊಟ್ಟರೆ ಅದೇ ಕಾಂಗ್ರೆಸ್ ಬನ್.

ಇದರಲ್ಲಿ ನೋಡಬೇಕಾದದ್ದು ಎರಡೇ. ಬೀಜ ಕರುಂ ಅನ್ನಬೇಕು, ಮೆತ್ತಗಿರಬಾರದು. ಕರಿಬೇವು ಕೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು. ಕರಿಬೇವು ಬಾಗಿದರೆ ಬೀಜಕ್ಕೂ ತೇವ ತಗುಲಿದೆ. ಕರಿಯುವ ಎಣ್ಣೆಯ ಖರ್ಚು ಇದಕ್ಕೆ ಹೆಚ್ಚಿಲ್ಲ, ಒಗ್ಗರಣೆಗೆ ಬೇಕಾದಷ್ಟೇ. ಹಾಗಾಗಿ ಕೋಡುಬಳೆಗಿಂತ ಕಾಂಗ್ರೆಸ್ ದುಬಾರಿ ಇದ್ದರೆ ನೀವು ದುಡ್ಡು ಕೊಡುತ್ತಿರುವುದು ಅಂಗಡಿಯ ಹೆಸರಿಗೆ. ಹೆಸರಿಗೆ ಕೊಡಬಾರದು ಅಂತ ನಾನು ಹೇಳುತ್ತಿಲ್ಲ, ಗೊತ್ತಿದ್ದು ಕೊಡಿ.

ಅವರೆಬೇಳೆ. ಇದು ಕಾಲದ ತಿಂಡಿ. ಡಿಸೆಂಬರಿಂದ ಫೆಬ್ರವರಿ ತನಕ ಸೊಗಡಿನ ಅವರೆಕಾಯಿ ಬರುವಾಗ ಕೊಳ್ಳಿ. ಕಾಳು ನೆನೆಸಿ, ಒಂದೊಂದನ್ನೇ ಹಿಸುಕಿ ಸಿಪ್ಪೆಯಿಂದ ಬಿಡಿಸಬೇಕು. ಅದಕ್ಕೇ ಹಿತಕಿದ ಬೇಳೆ ಅನ್ನುವುದು. ಅಷ್ಟು ಕೈಕೆಲಸ ಇರುವುದರಿಂದ ಬೆಲೆ ಜಾಸ್ತಿ, ಅದರಲ್ಲಿ ಮೋಸವಿಲ್ಲ. ಮೋಸ ಇದ್ದರೆ ಮಿಶ್ರಣದಲ್ಲಿ. ‘ಅವರೆಬೇಳೆ ಮಿಕ್ಸ್ಚರ್’ ಅಂತ ಬರೆದು ಒಳಗೆ ಮುಕ್ಕಾಲು ಪಾಲು ಓಂಪುಡಿ, ಅವಲಕ್ಕಿ, ಕಡಲೆಬೀಜ ತುಂಬಿರುತ್ತಾರೆ. ಒಂದು ಹಿಡಿ ತಗೊಂಡು ಬೇಳೆ ಎಷ್ಟಿದೆ ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಸಾದಾ ಮಿಕ್ಸ್ಚರಿನ ರೇಟೇ ಸರಿ. ಬರಿ ಕರಿದ ಬೇಳೆಯನ್ನೂ ಮಾರುತ್ತಾರೆ. ಅದನ್ನು ತಂದು ಮನೆಯಲ್ಲೇ ಬೆರೆಸಿಕೊಂಡರೆ ಲಾಭ.

ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಅವರೆಬೇಳೆ ಮೇಳ ನಡೆಯುತ್ತದೆ. ವಾಸವಿ ಕಾಂಡಿಮೆಂಟ್ಸ್‌ನವರು 2000ದ ಸುಮಾರಿಗೆ ಸಜ್ಜನರಾವ್ ಸರ್ಕಲ್ ಹತ್ತಿರದ ತಿಂಡಿ ಬೀದಿಯಲ್ಲಿ ಶುರು ಮಾಡಿದ್ದು. ಜನ ಹೆಚ್ಚಾಗಿ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ದೋಸೆಯಿಂದ ಜಿಲೇಬಿ ತನಕ ಎಲ್ಲಕ್ಕೂ ಅವರೆ ಹಾಕುತ್ತಾರೆ. ಅವರೆ ಜಿಲೇಬಿಯನ್ನು ಒಮ್ಮೆ ತಿಂದೆ, ಒಮ್ಮೆ ಸಾಕಾಯಿತು.

ಕಡ್ಲೆಪುರಿ. ಇದನ್ನು ತೂಕದಲ್ಲಲ್ಲ, ಅಳತೆಯಲ್ಲಿ ಮಾರುತ್ತಾರೆ. ಸೇರು ಅಥವಾ ಲೀಟರ್ ಪಾತ್ರೆ. ಪಾತ್ರೆಯನ್ನು ತಲೆಕಟ್ಟಿ ತುಂಬುತ್ತಾರೋ ಬೋಳಿಸಿ ಕೊಡುತ್ತಾರೋ ನೋಡಿ, ರೇಟು ಅದರಲ್ಲೇ ಇದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಪುರಿ, ಕಡಲೆಕಾಯಿ ಎರಡನ್ನೂ ಒಟ್ಟಿಗೆ ತರಬಹುದು.

ಮದ್ದೂರು ವಡೆ. ಮೈಸೂರು ರೈಲಿನಲ್ಲಿ ಬುಟ್ಟಿ ಹೊತ್ತು ಬರುವವರ ಕೈಯಿಂದ ತಿಂದ ರುಚಿ ಡಬ್ಬದ ವಡೆಗೆ ಬರುವುದಿಲ್ಲ. ಈರುಳ್ಳಿ ಇರುವುದರಿಂದ ಹೆಚ್ಚು ದಿನ ಇಡುವ ತಿಂಡಿಯೂ ಅಲ್ಲ. ಎರಡು ತಗೊಳ್ಳಿ, ಅಲ್ಲೇ ತಿನ್ನಿ.

ಐದನೆಯದು, ಸಿಹಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೋಳಿಗೆ ಬಿಡಿ ಲೆಕ್ಕದಲ್ಲಿ ಮಾರುವುದರಿಂದ ಗಾತ್ರ ಮತ್ತು ಹೂರಣ ನೋಡಿ. ಬೇಳೆ ಹೋಳಿಗೆ ಎರಡು ದಿನ ತಡೆಯುತ್ತದೆ. ಕಾಯಿ ಹೋಳಿಗೆ ಅವತ್ತೇ ಮುಗಿಸಿ. ಸಕ್ಕರೆ ಹೋಳಿಗೆ ವಾರ ಇಡಬಹುದು. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಎಷ್ಟು ದಿನದ ಒಳಗೆ ತಿನ್ನಬೇಕು ಎಂಬ ದಿನಾಂಕ ಹಾಕಬೇಕು ಎಂದು 2020ರ ಅಕ್ಟೋಬರ್ 1ರಿಂದ ನಿಯಮ ಇದೆ. ಹಾಕದಿದ್ದರೆ ಕೇಳಿ. ಚಿಗಳಿ, ರವೆ ಉಂಡೆ, ಕಜ್ಜಾಯ ಸ್ವಲ್ಪ ದಿನ ಬರುತ್ತವೆ. ಕಜ್ಜಾಯವನ್ನು ಒತ್ತಿದಾಗ ಬೆರಳಿಗೆ ಎಣ್ಣೆ ಬಂದರೆ ಬಿಡಿ.

ಆರನೆಯದು, ಬೇರೆ ಊರಿನ ತಿಂಡಿಯನ್ನು ಆ ಊರಿನವರ ಅಂಗಡಿಯಲ್ಲೇ ಕೊಳ್ಳಿ

ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಅವರ ಕಡೆ ಚಟ್ನಿಪುಡಿ) ಬೇಕಾದರೆ ಉತ್ತರ ಕರ್ನಾಟಕದವರ ರೊಟ್ಟಿ ಅಂಗಡಿಗೆ ಹೋಗಿ. ಈಗ ಬೆಂಗಳೂರಿನ ಬಹಳ ಬಡಾವಣೆಗಳಲ್ಲಿವೆ. ರೊಟ್ಟಿ ಎಣಿಕೆಯ ಲೆಕ್ಕ. ಕಟ್ಟಿನ ಒಳಗಿನ ರೊಟ್ಟಿಗಳು ಒಡೆದಿಲ್ಲವೇ ನೋಡಿ. ಕರದಂಟು ಗೋಕಾಕದ್ದು ಬೇರೆ, ಅಮೀನಗಡದ್ದು ಬೇರೆ, ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಕರದಂಟಿನ ರೇಟು ನಿಲ್ಲುವುದು ಒಳಗಿರುವ ಅಂಟು, ಗೋಡಂಬಿ, ಬಾದಾಮಿಯ ಮೇಲೆ. ಅಗ್ಗದ ಕರದಂಟು ಎಂದರೆ ಬೆಲ್ಲ ಮತ್ತು ಕೊಬ್ಬರಿ ಎಂದು ತಿಳಿಯಿರಿ.

ಶಿರಸಿಗೆ ಹೋದರೆ ಟಿಎಸ್‌ಎಸ್ ಸೂಪರ್ ಮಾರ್ಕೆಟ್‌ಗೆ ಹೋಗದೆ ಬರಬೇಡಿ. ಅಡಿಕೆ ಬೆಳೆಗಾರರ ಸಹಕಾರಿ ಸಂಘದ್ದು, ಸಂಘಕ್ಕೆ ನೂರು ವರ್ಷ ದಾಟಿದೆ. ಆ ಸೀಮೆಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಪೇಪರಿನಷ್ಟು ತೆಳ್ಳಗಿನ ತೊಡೆದೇವು, ಇವನ್ನು ಬಿಟ್ಟು ಬರಬಾರದು. ಹಲಸಿನ ಹಪ್ಪಳ ಬೇಸಿಗೆಯಲ್ಲಿ ಮಾಡುವಂಥದ್ದು. ಮಳೆ ಶುರುವಾಗುವ ಮೊದಲು ಕೊಂಡರೆ ಆ ವರ್ಷದ್ದು ಸಿಗುತ್ತದೆ.

ಮಂಗಳೂರು ಕಡೆಯ ಹಲಸಿನ ಚಿಪ್ಸ್, ನೇಂದ್ರ ಬಾಳೆ ಚಿಪ್ಸ್ ಕೊಳ್ಳುವಾಗ ಒಂದು ಲೆಕ್ಕ ಮಾಡಿ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಕೈಗೆ ಸಿಗದ ಹಾಗೆ ಏರಿತು. ‘ಅಪ್ಪಟ ತೆಂಗಿನೆಣ್ಣೆಯಲ್ಲಿ ಕರಿದದ್ದು’ ಎಂಬ ಬೋರ್ಡಿನ ಕೆಳಗೆ ಚಿಪ್ಸ್ ಹಳೆಯ ರೇಟಿಗೇ ಸಿಗುತ್ತಿದ್ದರೆ ಬಾಣಲೆಯಲ್ಲಿ ಬೇರೇನೋ ಇದೆ.

ಏಳನೆಯದು, ಮನೆಗೆ ತಂದ ಮೇಲೆ

ಅವತ್ತೇ ಕರಿದದ್ದಾದರೆ ಕವರಿನ ಬಾಯಿ ಬಿಚ್ಚಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಕ್ಕೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರುತ್ತದೆ. ಮಳೆಗಾಲದಲ್ಲಿ ಅರ್ಧ ಕೆಜಿಗಿಂತ ಹೆಚ್ಚು ತರಬೇಡಿ. ದೊಡ್ಡ ಡಬ್ಬವನ್ನು ದಿನಕ್ಕೆ ಹತ್ತು ಸಲ ತೆಗೆಯುವ ಬದಲು ಎರಡು ಸಣ್ಣ ಡಬ್ಬ ಮಾಡಿ. ಒಂದನ್ನು ಮಕ್ಕಳಿಗೆ ಕಾಣದ ಕಡೆ ಇಡಿ. ನಮ್ಮ ಮನೆಯಲ್ಲಿ ನನಗೂ ಕಾಣದ ಕಡೆ ಇಡುತ್ತಾರೆ.

ಮೆತ್ತಗಾದ ಮಿಕ್ಸ್ಚರನ್ನು ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಮೂರು ನಿಮಿಷ ಕೈಯಾಡಿಸಿದರೆ ಮತ್ತೆ ಗರಿಗರಿ ಆಗುತ್ತದೆ. ಕಮಟಿದ್ದನ್ನು ಮಾತ್ರ ಏನು ಮಾಡಿದರೂ ಸರಿ ಮಾಡಲಾಗದು.

ಕೊನೆಯದು, ವಿದೇಶಕ್ಕೆ ಒಯ್ಯುವವರಿಗೆ

ಅಮೆರಿಕದ ಇಂಡಿಯನ್ ಸ್ಟೋರ್‌ಗಳಲ್ಲಿ ಚಕ್ಕುಲಿ, ಮಿಕ್ಸ್ಚರ್ ಎಲ್ಲ ಸಿಗುತ್ತದೆ. ಅಲ್ಲೂ ಕೆಜಿ ಲೆಕ್ಕವೇ ಮಾಡಿ. 200 ಗ್ರಾಂ ಪ್ಯಾಕೆಟ್ 4 ಡಾಲರ್ ಅಂದರೆ ಕೆಜಿಗೆ 20 ಡಾಲರ್. ಪ್ಯಾಕೆಟ್ ಮೇಲೆ 7 ಔನ್ಸ್ ಅಂತ ಇದ್ದರೆ ಅದೇ 200 ಗ್ರಾಂ. ಬೆಲೆಗಿಂತ ಮುಖ್ಯವಾಗಿ ತಯಾರಾದ ತಿಂಗಳು ನೋಡಿ. ಹಡಗಿನಲ್ಲಿ ಬಂದ ಮಾಲಿಗೆ ಅಷ್ಟು ಹೊತ್ತಿಗೆ ಕೆಲವು ತಿಂಗಳು ಕಳೆದಿರುತ್ತದೆ. ಅಲ್ಲಿರುವವರು ಕೊಬ್ಬರಿ ಹಾಕಿದ್ದನ್ನು ಬಿಟ್ಟು ಓಂಪುಡಿ, ಖಾರಾ ಸೇವೆಯಂಥದ್ದು ಕೊಳ್ಳುವುದು ಜಾಣತನ. ಕಾಂಗ್ರೆಸ್ ಕಡ್ಲೆಕಾಯನ್ನು ಮನೆಯಲ್ಲೇ ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಇಲ್ಲಿಂದ ಒಯ್ಯುವವರು ಲೇಬಲ್, ದಿನಾಂಕ ಇರುವ, ಸೀಲ್ ಆದ ಪ್ಯಾಕೆಟ್ ಮಾಡಿಸಿಕೊಳ್ಳಿ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಕಡೆಯೂ ತಿನ್ನುವ ಪದಾರ್ಥ ತಂದಿದ್ದೇನೆ ಅಂತ ಇಳಿದ ಮೇಲೆ ಹೇಳಲೇಬೇಕು. ಹೇಳಿದರೆ ನೋಡಿ ಬಿಡುತ್ತಾರೆ ಅಥವಾ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಇಡೀ ಒಣಕೊಬ್ಬರಿ ಗಿಟುಕನ್ನು ವಿಮಾನದ ಲಗೇಜಿಗೆ ಹಾಕಬೇಡಿ, ಬೇಗ ಬೆಂಕಿ ಹತ್ತುವ ವಸ್ತು ಅಂತ ತೆಗೆಸುತ್ತಾರೆ. ಗೊಜ್ಜು, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ.

ನಾನು ಒಮ್ಮೆ ತಂಗಿಯ ಮಗನಿಗೆ ಅಂತ ಎರಡು ಕೆಜಿ ಕೋಡುಬಳೆ ಕೊಂಡೆ. ಅಂಗಡಿಯವರು ಹತ್ತು ಪರ್ಸೆಂಟ್ ಬಿಟ್ಟರು ಅಂತ ಖುಷಿಯಲ್ಲಿ ಮೂರು ವಾರ ಮೊದಲೇ ತಂದಿಟ್ಟೆ. ಅವನು ಅಲ್ಲಿ ಹೋಗಿ ಪ್ಯಾಕೆಟ್ ಒಡೆದು ಫೋನ್ ಮಾಡಿದ. ‘ಮಾವ, ಇದು ಹೀಗೇ ಇರುತ್ತಾ?’ ಅಂದ. ಪಾಪ, ಕಮಟು ವಾಸನೆ ಅನ್ನುವುದಕ್ಕೆ ಅವನಿಗೆ ಪದ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ, ‘ಕೊಬ್ಬರಿ ಹಾಕಿದ್ದನ್ನ ಅಷ್ಟು ದಿನ ಮೊದಲು ಯಾರಾದರೂ ತರ್ತಾರೇನೋ?’ ಅಂದಳು.

ಈಗ ಯಾರೇ ಹೊರಟರೂ ವಿಮಾನದ ಹಿಂದಿನ ದಿನ ನಾಲ್ಕು ಗಂಟೆಗೆ ಅಂಗಡಿಗೆ ಹೋಗುತ್ತೇನೆ. ಬೇಕಾದದ್ದಕ್ಕಿಂತ ಒಂದು ಪ್ಯಾಕೆಟ್ ಹೆಚ್ಚಿಗೆ ತರುತ್ತೇನೆ. ಸೂಟ್‌ಕೇಸ್ ಮುಚ್ಚುವ ಮೊದಲು ಆ ಪ್ಯಾಕೆಟ್ ಒಡೆದು ಅಮ್ಮನ ಕೈಗೆ ಕೊಡುತ್ತೇವೆ. ಅವಳು ಒಂದು ಕೋಡುಬಳೆ ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡು ‘ಹೂಂ’ ಅಂದ ಮೇಲೇ ಬೀಗ ಹಾಕುವುದು.